ಕಾಂಟ್ರಾಸ್ಟ್ ಬಣ್ಣಗಳ ಭರವಸೆಯಲ್ಲಿ ಒಂಬತ್ತು ವಾರ

ಟೂರ್ನಮೆಂಟಿಗೆ ಹೆಸರು ಕೊಟ್ಟ ದಿನ ನನ್ನ ಮೇಜಿನ ಮೇಲೆ ಬೂದು ಪ್ಲಾಸ್ಟಿಕ್ಕಿನ ಎಂಬತ್ತೊಂದು ಪುಟ್ಟ ಬೊಂಬೆಗಳಿದ್ದವು. ಒಂದಕ್ಕೂ ಬಣ್ಣ ತಾಗಿರಲಿಲ್ಲ. ಮೇಜಿನ ಮೇಲೆ ಬೊಂಬೆಗಳ ಸೇನೆ ನಿಲ್ಲಿಸಿ ಆಡುವ ಯುದ್ಧದಾಟ ವಾರ್‌ಹ್ಯಾಮರ್ 40,000ದ ಟಿರನಿಡ್ ಸೇನೆ ಅದು. ಕೀಟವೂ ಅಲ್ಲದ, ಹಲ್ಲಿಯೂ ಅಲ್ಲದ, ಗ್ರಹಗಳನ್ನೇ ನುಂಗುತ್ತ ಸಾಗುವ ಹಸಿದ ಜೀವಿಗಳ ಹಿಂಡು. ಒಂಬತ್ತು ವಾರಗಳಲ್ಲಿ ಟೂರ್ನಮೆಂಟ್ ಇತ್ತು, ಅದಾದ ಮೂರನೆಯ ವಾರಕ್ಕೆ ಇದೇ ಸೇನೆಯನ್ನು ಕಥೆಯ ಆಟಗಳ, ಅಂದರೆ ಗೆಲುವಿಗಿಂತ ಸೇನೆಯ ಕಥೆ ಬೆಳೆಸುವುದೇ ಮುಖ್ಯವಾದ ಆಟಗಳ, ವಾರಾಂತ್ಯವೊಂದಕ್ಕೂ ಒಯ್ಯಬೇಕಿತ್ತು. ಮಾಮೂಲಿ ಕ್ರಮದಲ್ಲಿ, ಅಂದರೆ ಮೊದಲು ಮೂಲಬಣ್ಣ, ಆಮೇಲೆ ಸಂದುಗಳಿಗೆ ನೆರಳಿನ ಬಣ್ಣ, ಕೊನೆಗೆ ಅಂಚುಗಳಿಗೆ ತಿಳಿಬಣ್ಣ ಎಂಬಂತೆ, ನಾನು ಒಂದು ಸಣ್ಣ ಬೊಂಬೆಯನ್ನು ಮುಗಿಸಲು ಸುಮಾರು ಒಂದೂಕಾಲು ಗಂಟೆ ತೆಗೆದುಕೊಳ್ಳುತ್ತೇನೆ. ಎಂಬತ್ತೊಂದನ್ನು ಅದರಿಂದ ಗುಣಿಸಿದರೆ ನೂರು ಗಂಟೆ ದಾಟುತ್ತದೆ. ಉದ್ಯೋಗ, ಮನೆಗೆಲಸ, ಮಗಳ ಈಜು ತರಗತಿ ಎಲ್ಲವೂ ಕಳೆದು ವಾರಕ್ಕೆ ನನಗೆ ಉಳಿಯುವುದು ಹೆಚ್ಚೆಂದರೆ ಎಂಟು ಗಂಟೆ. ಲೆಕ್ಕ ಕೂಡುವಂತಿರಲಿಲ್ಲವಾದ್ದರಿಂದ, ಇಷ್ಟು ದಿನ ಸ್ವಲ್ಪ ತಾತ್ಸಾರದಿಂದಲೇ ನೋಡುತ್ತಿದ್ದ ಸಿಟಾಡೆಲ್ ಕಾಂಟ್ರಾಸ್ಟ್ ಬಣ್ಣಗಳನ್ನು ಕೊಳ್ಳಲು ಹೊರಟೆ. ಈ ವಿಮರ್ಶೆ ಆ ಬಣ್ಣಗಳ ಕುರಿತದ್ದು.

ಬಣ್ಣ ಹಚ್ಚದೆ ಆಡಬಾರದೇ ಎಂಬ ಪ್ರಶ್ನೆ ಆಟದ ಪರಿಚಯವಿಲ್ಲದವರಿಗೆ ಬರಬಹುದು. 2023ರ ಜೂನ್‌ನಲ್ಲಿ ಬಂದ ಹತ್ತನೆಯ ಆವೃತ್ತಿಯ ಪಂದ್ಯ ನಿಯಮಗಳಲ್ಲಿ ಒಂದು ಆಟದಲ್ಲಿ ಗಳಿಸಬಹುದಾದ 100 ಅಂಕಗಳ ಪೈಕಿ 10 ಅಂಕಗಳು ಸೇನೆಗೆ ಬಣ್ಣ ಹಚ್ಚಿದ್ದಕ್ಕಾಗಿಯೇ ಮೀಸಲು. ಇದಕ್ಕೆ ಕಲಾಕೃತಿಯೇ ಆಗಬೇಕೆಂದಿಲ್ಲ. ಬೊಂಬೆಯ ಮುಖ್ಯ ಭಾಗಗಳಿಗೆಲ್ಲ ಬಣ್ಣವಿದ್ದು, ಅದು ನಿಂತಿರುವ ಬಿಲ್ಲೆಯೂ ಬರಿದಾಗಿಲ್ಲದಿದ್ದರೆ ‘ಬ್ಯಾಟಲ್ ರೆಡಿ’ ಎನಿಸಿಕೊಳ್ಳುತ್ತದೆ. ಹತ್ತು ಅಂಕ ಎಂದರೆ ಅಲ್ಪವಲ್ಲ. ಸಮಬಲದ ಆಟಗಾರರಿಬ್ಬರ ನಡುವೆ ಪಂದ್ಯ ಅದಕ್ಕಿಂತ ಕಡಿಮೆ ಅಂತರದಲ್ಲಿ ತೀರ್ಮಾನವಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಕಾಂಟ್ರಾಸ್ಟ್ ಬಣ್ಣಗಳನ್ನು, ಈ ಆಟವನ್ನೂ ರೂಪಿಸುವ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 2019ರಲ್ಲಿ ಮಾರುಕಟ್ಟೆಗೆ ತಂದಿತು. ಮೊದಲ ಕಂತಿನಲ್ಲಿ 34 ಬಣ್ಣಗಳಿದ್ದವು, 2022ರಲ್ಲಿ ಇನ್ನೂ 25 ಸೇರಿದವು. ಅದೇ ಸಂಸ್ಥೆಯ ಸಾಮಾನ್ಯ ಮೂಲಬಣ್ಣದ ಡಬ್ಬಿ 12 ಮಿಲಿಲೀಟರಿನದಾದರೆ ಇದು 18 ಮಿಲಿಲೀಟರಿನದು. ನೋಡಲು ಇದು ಬಣ್ಣಕ್ಕಿಂತ ಹೆಚ್ಚಾಗಿ ಗಟ್ಟಿ ಶಾಯಿಯಂತಿದೆ. ತಿಳಿಯಾದ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಕೊಡುವ ತಳಪದರದ ಮೇಲೆ ಧಾರಾಳವಾಗಿ ಹಚ್ಚಿದಾಗ ಉಬ್ಬುಗಳ ಮೇಲಿಂದ ಜಾರಿ ತಗ್ಗುಗಳಲ್ಲಿ ತಂಗುತ್ತದೆ. ಉಬ್ಬಿನಲ್ಲಿ ಪದರ ತೆಳುವಾಗಿರುವುದರಿಂದ ಕೆಳಗಿನ ಪ್ರೈಮರ್ ಇಣುಕಿ ಅಂಚು ಬೆಳಗುತ್ತದೆ, ತಗ್ಗಿನಲ್ಲಿ ದಪ್ಪವಾಗಿರುವುದರಿಂದ ನೆರಳಿನಂತೆ ಕಾಣುತ್ತದೆ. ಮೂರು ಹಂತಗಳ ಕೆಲಸ ಒಂದೇ ಹಂತದಲ್ಲಿ ಆಗುತ್ತದೆ ಎಂಬುದು ಸಂಸ್ಥೆಯ ಮಾತು. ಅದು ಯಾವಾಗ ನಿಜ, ಯಾವಾಗ ಅರೆನಿಜ ಎಂಬುದು ಕುಂಚ ಹಿಡಿದ ಮೇಲೆಯೇ ತಿಳಿಯುವ ಸಂಗತಿ.

ನನ್ನ ಸೇನೆಯಲ್ಲಿ ನಲವತ್ತು ಟರ್ಮಗಾಂಟ್‌ಗಳಿವೆ. ಹೆಬ್ಬೆರಳಿನಷ್ಟು ಗಾತ್ರದ, ಬೆನ್ನ ಮೇಲೆ ಚಿಪ್ಪು ಹೊತ್ತ, ಮೈಯೆಲ್ಲ ಗೀರು ಗೆರೆಗಳಿರುವ ಕಾಲಾಳುಗಳು ಇವು. ಕ್ರಾಕೆನ್ ಎಂಬ ಹಿಂಡಿನ ಬಣ್ಣಗಳನ್ನು ಆರಿಸಿಕೊಂಡೆ: ಮೂಳೆಯ ಬಿಳುಪಿನ ಮೈ, ಕೆಂಪು ಚಿಪ್ಪು, ಕರಿಯ ಉಗುರು. ರೇತ್‌ಬೋನ್ ಪ್ರೈಮರ್ ಮೇಲೆ ಮೈಗೆ ಸ್ಕೆಲಿಟನ್ ಹೋರ್ಡ್, ಚಿಪ್ಪಿಗೆ ಫ್ಲೆಶ್ ಟೇರರ್ಸ್ ರೆಡ್, ಉಗುರುಗಳಿಗೆ ಬ್ಲ್ಯಾಕ್ ಟೆಂಪ್ಲರ್, ಬಂದೂಕಿನ ಮಾಂಸಲ ಭಾಗಕ್ಕೆ ಮೇಗೋಸ್ ಪರ್ಪಲ್. ಹತ್ತು ಹತ್ತರ ಸಾಲು ಮಾಡಿ ಒಂದೊಂದೇ ಬಣ್ಣವನ್ನು ಇಡೀ ಸಾಲಿಗೆ ಹಚ್ಚುತ್ತ ಹೋದರೆ, ಹತ್ತನೆಯದಕ್ಕೆ ಮುಟ್ಟುವ ಹೊತ್ತಿಗೆ ಮೊದಲನೆಯದು ಒಣಗುವ ಹಾದಿಯಲ್ಲಿರುತ್ತದೆ. ಒಂದು ಬೊಂಬೆಗೆ ಸರಾಸರಿ ಇಪ್ಪತ್ತೈದು ನಿಮಿಷ ಹಿಡಿಯಿತು. ಪಕ್ಕೆಲುಬಿನ ಸಂದುಗಳಲ್ಲಿ ಕಂದು ನೆರಳು ತಾನಾಗಿಯೇ ಕೂತದ್ದನ್ನು ಕಂಡಾಗ, ಇಷ್ಟು ವರ್ಷ ಇದೇ ಪರಿಣಾಮಕ್ಕಾಗಿ ಕಣ್ಣು ನೋಯಿಸಿಕೊಂಡದ್ದು ನೆನಪಾಗಿ ಸ್ವಲ್ಪ ಸಿಟ್ಟೂ ಬಂತು.

ಆದರೆ ಈ ಬಣ್ಣಕ್ಕೆ ತನ್ನದೇ ಶಿಸ್ತಿದೆ. ಸಾಮಾನ್ಯ ಬಣ್ಣದಲ್ಲಿ ತಪ್ಪಾದರೆ ಮೇಲೆ ಇನ್ನೊಂದು ಪದರ ಎಳೆದು ಮುಚ್ಚಬಹುದು. ಇದು ಪಾರದರ್ಶಕವಾದ್ದರಿಂದ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ಕೆಂಪು ಮೈಮೇಲೆ ಚೆಲ್ಲಿದರೆ ಆ ಜಾಗಕ್ಕೆ ಮೊದಲು ರೇತ್‌ಬೋನ್ ಮೂಲಬಣ್ಣವನ್ನು ಹಚ್ಚಿ, ಒಣಗಿಸಿ, ಮತ್ತೆ ಮೊದಲಿನಿಂದ ತೊಡಗಬೇಕು. ಪ್ರೈಮರ್ ಸ್ಪ್ರೇಯದೇ ಛಾಯೆಯ ಬಣ್ಣ ಚಿಕ್ಕ ಡಬ್ಬಿಯಲ್ಲಿಯೂ ಸಿಗುವುದು ಈ ಕಾರಣಕ್ಕೆ, ಅದನ್ನು ಕೊಳ್ಳದೆ ಕೆಲಸಕ್ಕೆ ಕೈ ಹಾಕಬಾರದು. ಅರ್ಧ ಒಣಗಿದ ಜಾಗವನ್ನು ಮತ್ತೆ ಕುಂಚದಿಂದ ಕೆದಕಿದರೆ ಹಾಲಿನ ಮೇಲಿನ ಕೆನೆ ಹರಿದಂತೆ ಪದರ ಹರಿದು ಕಲೆ ನಿಲ್ಲುತ್ತದೆ. ಹಚ್ಚಿದ ಮೊದಲ ಅರ್ಧ ನಿಮಿಷದೊಳಗೆ ಎಲ್ಲಿ ಹನಿ ಕಟ್ಟಿದೆಯೆಂದು ನೋಡಿ ಒದ್ದೆ ಕುಂಚದ ತುದಿಯಿಂದ ಹೀರಿ ತೆಗೆದು, ಆಮೇಲೆ ಕೈ ಕಟ್ಟಿ ಕೂರಬೇಕು. ಡಬ್ಬಿಯನ್ನು ಚೆನ್ನಾಗಿ ಅಲುಗಿಸುವುದನ್ನು ಮರೆತರೆ ತಳದಲ್ಲಿ ಕೂತ ಬಣ್ಣ ಮೇಲೆ ಬಾರದೆ, ಮೊದಲ ಐದು ಬೊಂಬೆಗಳು ಪೇಲವವಾಗಿಯೂ ಕೊನೆಯ ಐದು ಗಾಢವಾಗಿಯೂ ಆಗುತ್ತವೆ. ನನ್ನ ಎರಡನೆಯ ಸಾಲು ಹೀಗೆಯೇ ಆಗಿದೆ. ನೋಡಿದವರಿಗೆ ಎರಡು ತಲೆಮಾರಿನ ಪ್ರಾಣಿಗಳೆಂದು ಹೇಳಿ ಪಾರಾಗಿದ್ದೇನೆ.

ಪ್ರೈಮರ್‌ನ ಆಯ್ಕೆ ಬಣ್ಣದ ಆಯ್ಕೆಯಷ್ಟೇ ಮುಖ್ಯವೆಂಬುದು ನನಗೆ ತಡವಾಗಿ ಅರ್ಥವಾಯಿತು. ರೇತ್‌ಬೋನ್ ದಂತದ ಬೆಚ್ಚನೆಯ ಛಾಯೆಯದು, ಗ್ರೇ ಸೀರ್ ತಣ್ಣನೆಯ ತಿಳಿಬೂದು. ಒಂದೇ ಕೆಂಪು ಮೊದಲನೆಯದರ ಮೇಲೆ ಕುಂಕುಮದಂತೆಯೂ ಎರಡನೆಯದರ ಮೇಲೆ ಒಣಗಿದ ದಾಳಿಂಬೆ ಸಿಪ್ಪೆಯಂತೆಯೂ ಕಾಣುತ್ತದೆ. ಕಪ್ಪು ಪ್ರೈಮರ್ ಹೊಡೆದು, ಅದರ ಮೇಲೆ ಬೂದು, ಆಮೇಲೆ ಬಿಳಿಯ ಒಣಕುಂಚವನ್ನು (ಬಣ್ಣವನ್ನು ಬಹುಪಾಲು ಒರೆಸಿ ತೆಗೆದ ಕುಂಚ) ಸವರಿ, ಅದರ ಮೇಲೆ ಕಾಂಟ್ರಾಸ್ಟ್ ಹಚ್ಚುವ ಇನ್ನೊಂದು ವಿಧಾನವೂ ಆಟಗಾರರಲ್ಲಿ ಬಲು ಜನಪ್ರಿಯ. ಹವ್ಯಾಸಿಗಳು ಅದನ್ನು ‘ಸ್ಲ್ಯಾಪ್‌ಚಾಪ್’ ಎನ್ನುತ್ತಾರೆ. ಸೇನಾನಾಯಕನಂಥ ದೊಡ್ಡ ಬೊಂಬೆಗಳಿಗೆ ಅದನ್ನು ಬಳಸಿದೆ. ನೆರಳು ಆಳವಾಗಿ ಬಂತು, ಆದರೆ ಬಣ್ಣದ ಹೊಳಪು ಒಂದು ಪಾಲು ಕುಗ್ಗಿತು. ಕಾಲಾಳುಗಳ ಉಜ್ವಲ ಕೆಂಪಿನ ಪಕ್ಕದಲ್ಲಿ ನಾಯಕ ಮಂಕಾಗಿ ಕಂಡದ್ದರಿಂದ ಅವನ ಚಿಪ್ಪಿಗೆ ಎರಡನೆಯ ಪದರ ಕೊಡಬೇಕಾಯಿತು.

ಇದರ ಮಿತಿ ಗೊತ್ತಾಗುವುದು ವಿಶಾಲವಾದ, ನುಣುಪಾದ ಮೈಯಲ್ಲಿ. ಹರಿದು ತಂಗಲು ತಗ್ಗುಗಳೇ ಇಲ್ಲದ ಕಡೆ ಬಣ್ಣ ತನಗೆ ತೋಚಿದಲ್ಲಿ ನಿಂತು, ಮಳೆಗಾಲದ ಗೋಡೆಯ ಮೇಲಿನ ತೇವದ ಕಲೆಗಳಂತೆ ತೇಪೆಗಳಾಗುತ್ತದೆ. ಟಿರನಿಡ್‌ಗಳ ಮೈ ತುಂಬ ಗೀರುಗಳಿರುವುದರಿಂದ ನಾನು ಬಹುತೇಕ ಬಚಾವಾದೆ, ಆದರೆ ದೊಡ್ಡ ಪ್ರಾಣಿಗಳ ಚಿಪ್ಪುಗಳ ಮೇಲೆ ಇದೇ ಗೋಳು. ಕಾಂಟ್ರಾಸ್ಟ್ ಮೀಡಿಯಮ್ ಬೆರೆಸಿ ತೆಳುಮಾಡಿ ಎರಡು ಸಲ ಹಚ್ಚುವುದು, ಅದರ ಮೇಲೆ ತಿಳಿಬಣ್ಣದ ಒಣಕುಂಚ ಸವರಿ ಅಂಚುಗಳನ್ನು ಎತ್ತುವುದು ಇದಕ್ಕೆ ಪರಿಹಾರ. ಆದರೆ ಅಲ್ಲಿಗೆ ‘ಒಂದೇ ಹಂತ’ ಎಂಬ ಮಾತು ಮುಗಿಯಿತು. ಟ್ಯಾಂಕುಗಳ ಸೇನೆ ಕಟ್ಟುವವರಿಗೆ, ಸ್ಪೇಸ್ ಮರೀನ್‌ಗಳ ನುಣುಪು ಕವಚಗಳ ಮೇಲೆ ಅಚ್ಚುಕಟ್ಟಾದ ಬಣ್ಣ ಬಯಸುವವರಿಗೆ ಇದನ್ನು ಮುಖ್ಯ ಬಣ್ಣವಾಗಿ ನಾನು ಶಿಫಾರಸು ಮಾಡಲಾರೆ. ರೋಮ, ತೊಗಲು, ಮೂಳೆ, ಬಟ್ಟೆಯ ನೆರಿಗೆ, ಕೊಳೆತ ಮಾಂಸ ಇಂಥವುಗಳ ಸೇನೆಗೆ ಇದಕ್ಕೆ ಸಾಟಿಯಿಲ್ಲ.

ಇನ್ನೊಂದು ಸ್ವಭಾವವನ್ನು ಟೂರ್ನಮೆಂಟಿಗೆ ಹೋಗುವವರು ಮರೆಯುವಂತಿಲ್ಲ. ಎರಡು ದಿನಗಳಲ್ಲಿ ಐದು ಆಟ, ಪ್ರತಿ ಆಟಕ್ಕೆ ಮೂರು ಗಂಟೆ. ಅಷ್ಟು ಹೊತ್ತೂ ಬೊಂಬೆಗಳನ್ನು ಬೆವರಿದ ಬೆರಳುಗಳಿಂದ ಎತ್ತಿ ಇಡುತ್ತಿರಬೇಕು. ಕಾಂಟ್ರಾಸ್ಟ್ ಪದರ ಉಜ್ಜಾಟಕ್ಕೆ ಬೇಗ ಸವೆದು, ಮೊದಲು ಚೂಪು ತುದಿಗಳಲ್ಲಿ ಪ್ರೈಮರ್ ಕಾಣಿಸಿಕೊಳ್ಳುತ್ತದೆ. ಹಾಗಾಗಿ ವಾರ್ನಿಶ್ ಕಡ್ಡಾಯ. ಇಲ್ಲಿ ನಾನು ಎಡವಿದೆ. ಹೆಸರು ಹೇಳಬೇಕಿಲ್ಲದ ಅಗ್ಗದ ಸ್ಪ್ರೇ ವಾರ್ನಿಶ್ ಒಂದನ್ನು ತಂದು, ಫೆಬ್ರುವರಿಯ ತೇವದ ಸಂಜೆಯಲ್ಲಿ ಅವಸರಕ್ಕೆ ಹೊರಗೆ ನಿಂತು ಹೊಡೆದದ್ದರಿಂದ ಹನ್ನೊಂದು ಬೊಂಬೆಗಳ ಮೇಲೆ ಇಬ್ಬನಿ ಕೂತಂತೆ ಬಿಳಿ ಪೊರೆ ಕಟ್ಟಿತು. ಡಬ್ಬಿಯನ್ನು ದೂರುವುದಕ್ಕಿಂತ ಹವೆಯನ್ನು ನೋಡದ ನನ್ನನ್ನು ದೂರುವುದು ನ್ಯಾಯ. ಉಳಿದ ಎಪ್ಪತ್ತಕ್ಕೆ ಕುಂಚದಿಂದಲೇ ಮ್ಯಾಟ್ ವಾರ್ನಿಶ್ ಹಚ್ಚಿದೆ. ಎರಡು ಸಂಜೆ ಹೋದವು, ಆದರೆ ಐದು ಆಟಗಳ ನಂತರವೂ ಒಂದು ಉಗುರಿನ ಬಣ್ಣವೂ ಹೋಗಿಲ್ಲ.

ಉಳಿಸಿದ ಸಮಯವನ್ನು ಎಲ್ಲಿ ಹಾಕಬೇಕು ಎಂಬುದರ ಮೇಲೆ ಈ ಬಣ್ಣಗಳ ನಿಜವಾದ ಬೆಲೆ ನಿಂತಿದೆ. ಅರವತ್ತು ಅಂಗುಲ ಉದ್ದ, ನಲವತ್ತನಾಲ್ಕು ಅಂಗುಲ ಅಗಲದ ಮೇಜಿನ ಆಚೆ ನಿಂತ ಎದುರಾಳಿ ನಿಮ್ಮ ಬೊಂಬೆಯನ್ನು ನೋಡುವುದು ಮೂರು ಅಡಿ ದೂರದಿಂದ. ಆ ದೂರದಲ್ಲಿ ಕಣ್ಣಿಗೆ ಬೀಳುವುದು ಮುಖ, ಚಿಪ್ಪಿನ ಬಣ್ಣ ಮತ್ತು ಬಿಲ್ಲೆ, ಅಷ್ಟೇ. ಬಿಲ್ಲೆಗಳಿಗೆ ಮಾರ್ಶಿಯನ್ ಐರನ್‌ಅರ್ತ್ ಎಂಬ ಬಿರುಕು ಬಿಡುವ ಕೆಂಪು ಮಣ್ಣಿನ ಬಣ್ಣ ಹಚ್ಚಿದೆ. ದಪ್ಪವಾಗಿ ಹಚ್ಚಿದರೆ ಬೇಸಿಗೆಯ ಕೆರೆಯಂಗಳದಂತೆ ಒಡೆಯುತ್ತದೆ. ಎಂಬತ್ತೊಂದೂ ಬಿಲ್ಲೆಗಳ ಅಂಚಿಗೆ ಒಂದೇ ಕಪ್ಪು ಬಳಿದ ಕ್ಷಣದಲ್ಲಿಯೇ ಬಿಡಿ ಬೊಂಬೆಗಳ ಗುಂಪು ಸೇನೆಯಾಯಿತು ಎನ್ನಿಸಿತು. ಇನ್ನೂ ಒಂದು ಮಾತು: ಘಟಕಗಳ ಪಾಯಿಂಟುಗಳನ್ನು, ಅಂದರೆ ಸೇನೆ ಕಟ್ಟುವಾಗ ಒಂದೊಂದು ಘಟಕಕ್ಕೆ ಲೆಕ್ಕ ಹಾಕುವ ಬೆಲೆಯನ್ನು, ಸಂಸ್ಥೆ ಆಗಾಗ ಪರಿಷ್ಕರಿಸುತ್ತದೆ. ಸರಿಯಾಗಿ ಎರಡು ಸಾವಿರ ಪಾಯಿಂಟಿಗೆ ನಿಲ್ಲಿಸಿದ ಸೇನೆ, ಪಂದ್ಯದ ಹೊತ್ತಿಗೆ ಸಾವಿರದ ಒಂಬೈನೂರ ಇಪ್ಪತ್ತಕ್ಕೆ ಇಳಿದಿರಬಹುದು ಅಥವಾ ಮಿತಿ ಮೀರಿರಬಹುದು. ಇಪ್ಪತ್ತೈದು ನಿಮಿಷಕ್ಕೊಂದು ಬೊಂಬೆ ಮುಗಿಯುತ್ತದೆ ಎಂಬ ಧೈರ್ಯದಿಂದಲೇ ನಾನು ಹತ್ತು ಟರ್ಮಗಾಂಟ್‌ಗಳನ್ನು ಹೆಚ್ಚುವರಿಯಾಗಿ ಸಿದ್ಧಮಾಡಿಟ್ಟುಕೊಂಡದ್ದು, ಅವು ಉಪಯೋಗಕ್ಕೂ ಬಂದವು.

ಕಥೆಯ ಆಟಗಳ ಅಳತೆಗೋಲು ಬೇರೆ. ಇವುಗಳಿಗಾಗಿಯೇ ಇರುವ ಕ್ರುಸೇಡ್ ನಿಯಮಗಳಲ್ಲಿ ಸೇನೆ ಸಾವಿರ ಪಾಯಿಂಟುಗಳ ಮಿತಿಯಿಂದ ಆರಂಭವಾಗಿ ಆಟದಿಂದ ಆಟಕ್ಕೆ ಬೆಳೆಯುತ್ತದೆ. ಘಟಕಗಳು ಅನುಭವ ಗಳಿಸುತ್ತವೆ, ಗೌರವಗಳನ್ನು ಪಡೆಯುತ್ತವೆ, ಸೋತು ನೆಲಕ್ಕುರುಳಿದರೆ ಮಾಯದ ಗಾಯಗಳನ್ನೂ ಹೊರುತ್ತವೆ. ಅಲ್ಲಿ ಎದುರಾಳಿ ಬೊಂಬೆಯನ್ನು ಕೈಗೆತ್ತಿಕೊಂಡು, ಹೆಸರೇನು, ಇದು ಎಲ್ಲಿ ಕಾದಿತು ಎಂದು ಕೇಳುತ್ತಾನೆ. ಮೂರು ಅಡಿಯ ದೂರಕ್ಕೆ ಹಚ್ಚಿದ ಬಣ್ಣ ಒಂದು ಗೇಣಿನ ದೂರದಲ್ಲಿ ಬಡವಾಗಿ ಕಾಣುತ್ತದೆ, ಇದನ್ನು ಒಪ್ಪಿಕೊಳ್ಳಲೇಬೇಕು. ನಾಟಿಂಗ್‌ಹ್ಯಾಮ್‌ನ ಲೆಂಟನ್‌ನಲ್ಲಿರುವ ವಾರ್‌ಹ್ಯಾಮರ್ ವರ್ಲ್ಡ್ ಪ್ರದರ್ಶನಾಲಯದ ಗಾಜಿನ ಹಿಂದಿನ ಬೊಂಬೆಗಳನ್ನು ನೋಡಿ ಬಂದವರಿಗೆ ಈ ಅಂತರ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹಾಗಾಗಿ ಟೂರ್ನಮೆಂಟ್ ಮುಗಿದ ಮೂರು ವಾರಗಳಲ್ಲಿ ಕಾಲಾಳುಗಳನ್ನು ಮುಟ್ಟದೆ ಐದೇ ಬೊಂಬೆಗಳನ್ನು ಮತ್ತೆ ಕೈಗೆತ್ತಿಕೊಂಡೆ. ಕಾಂಟ್ರಾಸ್ಟ್ ಪದರವನ್ನೇ ತಳಹದಿಯಾಗಿಟ್ಟುಕೊಂಡು ಚಿಪ್ಪಿನ ಅಂಚುಗಳಿಗೆ ಸಾಮಾನ್ಯ ಬಣ್ಣದ ಸಣ್ಣ ಗೆರೆಗಳನ್ನು ಎಳೆದೆ, ಕಣ್ಣುಗಳನ್ನು ತಿದ್ದಿದೆ. ನೆರಳು ಆಗಲೇ ಕೂತಿದ್ದರಿಂದ ಅರ್ಧ ಕೆಲಸ ಮುಗಿದಿತ್ತು. ಬಿಡುವಾದಾಗ ಮೇಲೇರಲು ಮೆಟ್ಟಿಲು ಸಿದ್ಧವಿರುವುದು ನನ್ನ ಮಟ್ಟಿಗೆ ಈ ಬಣ್ಣಗಳ ದೊಡ್ಡ ಗುಣ.

ಊರಲ್ಲಿದ್ದು ಈ ಹವ್ಯಾಸ ಹಿಡಿದವರು ಹೊರದೇಶದಲ್ಲಿರುವ ನನ್ನಂಥವರ ಸೂಟ್‌ಕೇಸಿಗೆ ಬಣ್ಣಗಳ ಪಟ್ಟಿ ಕಳಿಸುವುದುಂಟು. ನೀರಿನ ಆಧಾರದ ಡಬ್ಬಿಗಳನ್ನು ಚೆಕ್-ಇನ್ ಸಾಮಾನಿನಲ್ಲಿ ತರಬಹುದು, ಆದರೆ ಬಣ್ಣದ ಸ್ಪ್ರೇ ಡಬ್ಬಿಗಳಿಗೆ ವಿಮಾನದಲ್ಲಿ ಪ್ರವೇಶವಿಲ್ಲ. ಪ್ರೈಮರ್ ಅನ್ನು ಅಲ್ಲಿಯೇ ಹುಡುಕಿಕೊಳ್ಳಬೇಕು, ಇಲ್ಲವೇ ಕುಂಚದಿಂದ ಹಚ್ಚುವಂಥದ್ದನ್ನು ತರಿಸಿಕೊಳ್ಳಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕುಂಚವೇ ವಾಸಿ. ಫೆಬ್ರುವರಿಯ ನನ್ನ ಹನ್ನೊಂದು ಬೊಂಬೆಗಳು ಅದಕ್ಕೆ ಸಾಕ್ಷಿ.

ಕೊಳ್ಳುವವರು ದೊಡ್ಡ ಸೆಟ್ ಕೊಳ್ಳದಿರಿ. ಒಂದು ಸೇನೆಗೆ ನಾಲ್ಕೈದು ಬಣ್ಣ, ಒಂದು ಮೀಡಿಯಮ್, ಪ್ರೈಮರ್ ಛಾಯೆಯ ಒಂದು ಡಬ್ಬಿ ಮತ್ತು ನಂಬಿಕೆಯ ವಾರ್ನಿಶ್ ಇದ್ದರೆ ಸಾಕು. ಸ್ಕೆಲಿಟನ್ ಹೋರ್ಡ್ ಮಾತ್ರ ನನಗೆ ಎರಡು ಡಬ್ಬಿ ಬೇಕಾಯಿತು, ಉಳಿದವುಗಳಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚಿದೆ. ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಬಣ್ಣ ಒಣಗಿ ಗಟ್ಟಿಯಾದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಪ್ರತಿ ಸಲ ಒರೆಸಿಡಬೇಕು. ಕಥೆಯ ವಾರಾಂತ್ಯದ ಎರಡನೆಯ ಆಟದಲ್ಲಿ ನನ್ನ ಸೇನಾನಾಯಕ ದಾಳ ಕೈಕೊಟ್ಟು ಉರುಳಿ, ಶಾಶ್ವತ ಗಾಯವೊಂದನ್ನು ಹೊತ್ತು ಎದ್ದ. ಅಂದು ರಾತ್ರಿ ಉಳಿದುಕೊಂಡಿದ್ದ ಕೋಣೆಯ ಮೇಜಿನ ಮೇಲೆ, ಅವನ ಚಿಪ್ಪಿನ ಎಡಮಗ್ಗುಲಿಗೆ ಬ್ಲ್ಯಾಕ್ ಟೆಂಪ್ಲರ್‌ನಿಂದ ಒಂದು ಸೀಳು ಎಳೆದು, ಅದರ ಕೆಳಗೆ ಮೂಳೆಯ ಬಣ್ಣದ ತೆಳುಗೆರೆ ಕೊಟ್ಟೆ. ಹತ್ತು ನಿಮಿಷದ ಕೆಲಸ. ಮರುದಿನ ಬೆಳಿಗ್ಗೆ ಎದುರಾಳಿ ಮೊದಲು ಕೇಳಿದ್ದು ಆ ಸೀಳಿನ ಬಗ್ಗೆಯೇ.