ಗಿನಿ-ಪಿಗ್ಗೋ ಕೇನೋ: ಎರಡರಲ್ಲೂ ಒಂದೇ ಡಿಕ್ಕಿ ಹೊಡೆಸಿ ನೋಡಿದೆ

ಲೀನಿಯರ್ ಕೊಲೈಡರ್ ಅಂದರೆ ಕಣಗಳನ್ನು ನೇರ ದಾರಿಯಲ್ಲಿ ಓಡಿಸಿ ಡಿಕ್ಕಿ ಹೊಡೆಸುವ ಯಂತ್ರ. ಅದರಲ್ಲಿ ಎರಡು ಬಂಚ್ (ಕಣಗಳ ಗೊಂಚಲು) ಒಂದರೊಳಗೊಂದು ಹಾಯುವಾಗ ಏನಾಗುತ್ತದೆ ಅಂತ ಲೆಕ್ಕ ಹಾಕಲು ಹೆಚ್ಚಿನವರು ಬಳಸುವ ಪ್ರೋಗ್ರಾಂಗಳು ಎರಡು. ಒಂದು ಡೇನಿಯಲ್ ಶುಲ್ಟೆ ಬರೆದ ಗಿನಿ-ಪಿಗ್. ಇನ್ನೊಂದು ಜಪಾನಿನ ಕೆಇಕೆ ಪ್ರಯೋಗಾಲಯದಲ್ಲಿ ಯೊಕೊಯಾ ಮತ್ತು ಜೊತೆಗಾರರು ಬರೆದ ಕೇನ್. (ಅದಕ್ಕೂ ಮುಂಚಿನ ಪ್ರೋಗ್ರಾಂ ಹೆಸರು ಏಬೆಲ್. ಬೈಬಲ್‌ನಲ್ಲಿ ತಮ್ಮ ಏಬೆಲ್‌ನನ್ನು ಕೊಲ್ಲುವವನು ಅಣ್ಣ ಕೇನ್, ಗೊತ್ತಿದ್ದವರು ನಗಬಹುದು.)

ಎರಡಕ್ಕೂ ಐಎಲ್‌ಸಿಯ (ಇಂಟರ್‌ನ್ಯಾಷನಲ್ ಲೀನಿಯರ್ ಕೊಲೈಡರ್ ಎಂಬ ಯೋಜನೆ) 250 ಜಿಇವಿ ಡಿಕ್ಕಿ-ಶಕ್ತಿಯ ವಿನ್ಯಾಸವನ್ನೇ ಕೊಟ್ಟೆ. ಬಂಚ್‌ಗೆ 2×10¹⁰ ಕಣ. ಅಗಲ 516 ನ್ಯಾನೋಮೀಟರ್, ಎತ್ತರ ಬರೀ 7.7, ಉದ್ದ 300 ಮೈಕ್ರೋಮೀಟರ್. ಸೆಕೆಂಡಿಗೆ 6,560 ಡಿಕ್ಕಿ. ಕೈಲೆಕ್ಕದಲ್ಲಿ ಲ್ಯುಮಿನಾಸಿಟಿ (ಕಣಗಳು ಎಷ್ಟು ದಟ್ಟವಾಗಿ ಎದುರಾಗುತ್ತವೆ ಅನ್ನುವ ಅಳತೆ) ಚದರ ಸೆಂಟಿಮೀಟರ್‌ಗೆ, ಸೆಕೆಂಡಿಗೆ 5.3×10³³ ಬರುತ್ತದೆ. ವಿನ್ಯಾಸದಲ್ಲಿರುವುದು 1.35×10³⁴. ಎರಡೂವರೆ ಪಟ್ಟು ಜಾಸ್ತಿ! ಎಲೆಕ್ಟ್ರಾನ್ ಬಂಚೂ ಪಾಸಿಟ್ರಾನ್ ಬಂಚೂ ಹಾಯುವಾಗಲೇ ಒಂದನ್ನೊಂದು ಹಿಂಡುತ್ತವೆ, ಅದರಿಂದ. ಸರಳ ಸೂತ್ರಕ್ಕೆ ಸಿಗದ ಈ ಹಿಂಡುವಿಕೆಗಾಗಿಯೇ (ಇದಕ್ಕೆ ಪಿಂಚ್ ಅಂತಾರೆ) ಸಿಮ್ಯುಲೇಶನ್ ಬೇಕು.

ಗಿನಿ-ಪಿಗ್ ಶುರು ಮಾಡುವುದು ಸುಲಭ. ಒಂದು ಇನ್‌ಪುಟ್ ಫೈಲ್, ಅದರಲ್ಲಿ ಬೀಮ್‌ನ ಅಂಕಿಗಳು, ಗ್ರಿಡ್‌ನ (ಲೆಕ್ಕಕ್ಕಾಗಿ ಜಾಗವನ್ನು ಮನೆಮನೆಯಾಗಿ ಕತ್ತರಿಸುವ ಜಾಲರಿ) ಅಂಕಿಗಳು, ಅಷ್ಟೇ. ನಾನು ಎಡವಿದ್ದು ಯೂನಿಟ್‌ನಲ್ಲಿ. ಬೀಟಾ (ಬೀಮ್ ಎಷ್ಟು ಬಿಗಿಯಾಗಿ ಫೋಕಸ್ ಆಗಿದೆ ಅನ್ನುವ ಅಂಕಿ) ಮಿಲಿಮೀಟರ್‌ನಲ್ಲಿ, ಅಗಲ ನ್ಯಾನೋಮೀಟರ್‌ನಲ್ಲಿ, ಉದ್ದ ಮೈಕ್ರೋಮೀಟರ್‌ನಲ್ಲಿ ಕೊಡಬೇಕು. ಬೀಟಾದ ಗುಂಗಿನಲ್ಲೇ ಉದ್ದಕ್ಕೆ 0.3 ಅಂತ ಹೊಡೆದೆ. ಎರರ್ ಏನೂ ಬರಲಿಲ್ಲ, ಸುಮ್ನೆ ಓಡಿತು. ಲ್ಯುಮಿನಾಸಿಟಿ ಮಾತ್ರ ಕೈಲೆಕ್ಕದ ಹತ್ತಿರವೇ ನಿಂತುಬಿಟ್ಟಿತು. ಅಷ್ಟು ಗಿಡ್ಡ ಬಂಚ್‌ಗೆ ಹಿಂಡಲು ಪುರುಸೊತ್ತೇ ಇರಲ್ಲ ಅಲ್ವಾ? ಮೇಲಾಗಿ ಕಣಗಳು ಬಾಗುವಾಗ ಹೊರಡುವ ಫೋಟಾನ್‌ಗಳು (ಬೆಳಕಿನ ಕಣಗಳು) ಶಕ್ತಿಯನ್ನು ದೊಡ್ಡ ದೊಡ್ಡ ತುಂಡಾಗಿ ಕಿತ್ತುಕೊಂಡು ಹೋಗಿದ್ದವು. 300 ಅಂತ ತಿದ್ದಿದ ಮೇಲೆ ಎರಡೂ ಸರಿಹೋದವು.

ಕೇನ್‌ನಲ್ಲಿ ಈ ತಪ್ಪಿಗೆ ಜಾಗ ಕಮ್ಮಿ. ಉದ್ದ ಯಾವುದಿದ್ದರೂ ಮೀಟರ್, ಶಕ್ತಿ ಎಲೆಕ್ಟ್ರಾನ್ ವೋಲ್ಟ್. ಆದರೆ ಇನ್‌ಪುಟ್ ಅನ್ನುವುದೇ ಒಂದು ಪುಟ್ಟ ಭಾಷೆ. ಬೀಮ್ ಹುಟ್ಟಿಸು, ಫೀಲ್ಡ್ ಹಚ್ಚು, ಕಾಲವನ್ನು ಹೆಜ್ಜೆಹೆಜ್ಜೆಯಾಗಿ ಮುಂದೆ ತಳ್ಳು, ಎಲ್ಲವನ್ನೂ ನಾವೇ ಬರೆಯಬೇಕು. ಮೊದಲ ದಿನ ನನಗೆ ರೇಗಿಹೋಯಿತು. ಆಮೇಲೆ ಇದೇ ಇಷ್ಟವಾಯಿತು: ಡಿಕ್ಕಿಯ ನಡುವೆ ನಿಲ್ಲಿಸಿ ಬಂಚ್‌ನ ಆಕಾರ ನೋಡಬಹುದು.

ಗ್ರಿಡ್‌ನ ತಲೆನೋವು ಎರಡರಲ್ಲೂ ಒಂದೇ. ಎತ್ತರದ ದಿಕ್ಕಿನಲ್ಲಿ ಒಂದು ಮನೆ 7.7 ನ್ಯಾನೋಮೀಟರ್‌ಗಿಂತ ಚೆನ್ನಾಗಿ ಚಿಕ್ಕದಿರಬೇಕು. ಹಾಗಂತ ಗ್ರಿಡ್ಡನ್ನೇ ಕಿರಿದು ಮಾಡಿದರೆ ಚೆದುರಿದ ಕಣಗಳು ಹೊರಗೆ ಬೀಳುತ್ತವೆ. ಮ್ಯಾಕ್ರೋ-ಕಣ (ಸಾವಿರಾರು ನಿಜ ಕಣಗಳ ಬದಲಿಗೆ ಲೆಕ್ಕದಲ್ಲಿಡುವ ಒಂದು ಕಣ) ಕಮ್ಮಿಯಾದರೆ ಇನ್ನೊಂದು ಕಾಟ. ಎರಡು ಬಂಚ್‌ಗಳ ನಡುವೆ ಬರೀ ಲೆಕ್ಕದ ಗದ್ದಲದಿಂದ ಸಣ್ಣ ಓರೆ ಹುಟ್ಟುತ್ತದೆ, ಪಿಂಚ್ ಅದನ್ನೇ ಬೆಳೆಸುತ್ತದೆ, ಲ್ಯುಮಿನಾಸಿಟಿ ಸುಳ್ಳುಸುಳ್ಳೇ ಇಳಿಯುತ್ತದೆ. ಗಿನಿ-ಪಿಗ್‌ನಲ್ಲಿ ಎರಡೂ ಕಡೆ ಸಮ ಇಡಲು ಒಂದು ಸ್ವಿಚ್ ಇದೆ. ನಾನು ಆಫ್ ಮಾಡಿಯೇ ಓಡಿಸುತ್ತೇನೆ, ಆನ್ ಇದ್ದರೆ ನಿಜವಾದ ಓರೆಯೂ ಮುಚ್ಚಿಹೋಗುತ್ತದೆ.

ಡಿಟೆಕ್ಟರ್‌ಗೆ ಬಡಿಯುವ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳ ಪಟ್ಟಿ ಬೇಕಿದ್ದರೆ ನನ್ನ ಆಯ್ಕೆ ಗಿನಿ-ಪಿಗ್. ಫೈಲ್ ಸಿದ್ಧವಾಗಿ ಸಿಗುತ್ತದೆ. ಲೇಸರ್ ಹೊಡೆದು ಫೋಟಾನ್ ಬೀಮ್ ಮಾಡುವ ಗಾಮಾ-ಗಾಮಾ ಕೊಲೈಡರ್ ಆದರೆ ಕೇನ್ ಬಿಟ್ಟು ಬೇರೆ ಯೋಚಿಸಲ್ಲ. ಪೋಲರೈಸೇಶನ್ (ಕಣಗಳ ಸ್ಪಿನ್ ಎತ್ತ ಮುಖ ಮಾಡಿದೆ ಅನ್ನುವ) ಲೆಕ್ಕಕ್ಕೂ ಅದೇ. ಈಗ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿಕೊಂಡಿದ್ದೇನೆ: "ಉದ್ದ ಮೈಕ್ರೋ!"