‘ಐ7, 16 ಜಿಬಿ, 8 ಜಿಬಿ ಗ್ರಾಫಿಕ್ಸ್’ ಅಂತ ಸ್ಟೂಡೆಂಟ್ ಆಫರ್ ಕಂಡರೆ ಹುಷಾರು

ಯೂನಿವರ್ಸಿಟಿಗೆ ಯಾವ ಕಂಪ್ಯೂಟರ್ ತಗೊಂಡು ಹೋಗಲಿ ಅಂತ ತಲೆ ಕೆಡಿಸಿಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೋಪದಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಬಹುದು, ಹೇಳಿದ್ದನ್ನೇ ಮತ್ತೆ ಹೇಳಬಹುದು. ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಮಾಡಿದ ಲ್ಯಾಪ್‌ಟಾಪ್ ಮಾರುವ ಒಬ್ಬ ನನ್ನ ಡೆಸ್ಕ್‌ಟಾಪ್ ತಗೊಂಡ, ಅದರ ಮೇಲೆ ದುಡ್ಡೂ ತಗೊಂಡ. ಕೊಟ್ಟಿದ್ದು ಮಾತ್ರ ಟೈಪ್ ಮಾಡುವುದಕ್ಕಷ್ಟೇ ಲಾಯಕ್ಕಾದ ಒಂದು ಡಬ್ಬ.

ನನ್ನ ಹತ್ತಿರ ಏನಿತ್ತು ಅಂತ ಮೊದಲು ಹೇಳಿಬಿಡುತ್ತೇನೆ, ಹೊಟ್ಟೆ ಉರಿಯುವುದು ಅಲ್ಲೇ. ರೈಜನ್ 5 3600 ಪ್ರೊಸೆಸರ್ ಇದ್ದ ಡೆಸ್ಕ್‌ಟಾಪ್. 6 ಕೋರ್ (ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಒಂದೊಂದು ಘಟಕ), 12 ಥ್ರೆಡ್. ಜಿಟಿಎಕ್ಸ್ 1660 ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ಅದರದೇ 6 ಜಿಬಿ ಮೆಮೊರಿ. ಎರಡೂ 2019ರಲ್ಲಿ ಬಂದ ಸರಕು, ಹೊಸದೇನಲ್ಲ, ಆದರೆ ಗಟ್ಟಿ ಮಾಲು. ನನಗೆ ಮೆಕ್ಯಾನಿಕಲ್ ಸೀಟು ಸಿಕ್ಕಿತ್ತು. ವಿಭಾಗದವರು ಕಳಿಸಿದ ಪಟ್ಟಿಯಲ್ಲಿ ಸಾಲಿಡ್‌ವರ್ಕ್ಸ್, ಆನ್ಸಿಸ್, ಮ್ಯಾಟ್‌ಲ್ಯಾಬ್ ಅನ್ನುವ ಎಂಜಿನಿಯರಿಂಗ್ ಸಾಫ್ಟ್‌ವೇರ್ ಇದ್ದವು. ಕೆಳಗೆ 16 ಜಿಬಿ ರ‍್ಯಾಮ್ ಬೇಕು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಒಳ್ಳೆಯದು ಅಂತ ಬರೆದಿತ್ತು. ಮ್ಯಾಟ್‌ಲ್ಯಾಬ್ ಮ್ಯಾಕ್‌ನಲ್ಲೂ ಓಡುತ್ತೆ, ಆದರೆ ಸಾಲಿಡ್‌ವರ್ಕ್ಸ್‌ಗೆ ವಿಂಡೋಸೇ ಬೇಕು. ಹಾಗಾಗಿ ಮ್ಯಾಕ್ ಬಿಟ್ಟೆ. ಕ್ರೋಮ್‌ಬುಕ್ ಅಂತೂ ಲೆಕ್ಕಕ್ಕೇ ಇಲ್ಲ. ಉಳಿದ ಪ್ರಶ್ನೆ ಒಂದೇ. ಡೆಸ್ಕ್‌ಟಾಪನ್ನೇ ಹಾಸ್ಟೆಲ್‌ಗೆ ಹೊತ್ತುಕೊಂಡು ಹೋಗುವುದಾ, ಇಲ್ಲ ಅದನ್ನು ಕೊಟ್ಟು ಒಂದು ಲ್ಯಾಪ್‌ಟಾಪ್ ಮಾಡಿಕೊಳ್ಳುವುದಾ?

ಆಗ ಕಣ್ಣಿಗೆ ಬಿತ್ತು ಈ ಜಾಹೀರಾತು. ‘ಸ್ಟೂಡೆಂಟ್ ಆಫರ್. ಐ7 ಪ್ರೊಸೆಸರ್, 16 ಜಿಬಿ, 512 ಎಸ್‌ಎಸ್‌ಡಿ, 8 ಜಿಬಿ ಗ್ರಾಫಿಕ್ಸ್ ಸಪೋರ್ಟ್, ವಿಂಡೋಸ್ 11 ಲೈಫ್‌ಟೈಮ್. ಹಳೆ ಪಿಸಿ ಎಕ್ಸ್‌ಚೇಂಜ್ ಇದೆ.’

ಮೆಸೇಜ್ ಮಾಡಿದೆ. ವಿಭಾಗದ ಪಟ್ಟಿಯ ಫೋಟೋ ಕಳಿಸಿ ಇದೆಲ್ಲ ಓಡುತ್ತಾ ಅಂತ ಕೇಳಿದೆ. ಇದನ್ನು ನೆನಪಿಟ್ಟುಕೊಳ್ಳಿ, ಪಟ್ಟಿಯನ್ನೇ ಕಳಿಸಿದ್ದೆ. ತಕ್ಷಣ ಉತ್ತರ ಬಂತು: ‘ಬ್ರೋ, ಎಲ್ಲಾ ಬೆಣ್ಣೆ ಥರ ಓಡುತ್ತೆ.’ ಆ ಫೋಟೋವನ್ನು ದೊಡ್ಡದು ಮಾಡಿ ನೋಡುವಷ್ಟು ಹೊತ್ತೂ ಆಗಿರಲಿಲ್ಲ. ಡೆಸ್ಕ್‌ಟಾಪ್ ರೂಮಿನಲ್ಲಿಟ್ಟು, ಒಂದು ಹಗುರ ಲ್ಯಾಪ್‌ಟಾಪ್‌ನಿಂದ ರಿಮೋಟ್‌ನಲ್ಲಿ ಬಳಸಬಹುದಾ ಅಂತಲೂ ಕೇಳಿದೆ. ‘ಅದೆಲ್ಲ ಹಾಸ್ಟೆಲ್ ನೆಟ್‌ವರ್ಕ್‌ನಲ್ಲಿ ಆಗಲ್ಲ ಬ್ರೋ. ಸುಮ್ನೆ ಭಾರ ಹೊರೋದು ಯಾಕೆ? ನಿಮ್ಮದು ಹಳೇ ರೈಜನ್, ಈಗ ಅದನ್ನ ಯಾರೂ ಕೇಳಲ್ಲ. ನಾವು ತಗೊಳ್ತೀವಿ, ಒಂದು ಹೆಲ್ಪ್ ಅಂತ.’

ಹೆಲ್ಪ್ ಅಂತೆ!

ಲ್ಯಾಪ್‌ಟಾಪ್ ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆಫೀಸುಗಳಲ್ಲಿ ಬಳಸಿ ಬಿಟ್ಟಿದ್ದು, ತೆಳ್ಳಗೆ, ಕಪ್ಪಗೆ, ಕೀಬೋರ್ಡ್ ಹೊಸದರ ಹಾಗೆ ಒರೆಸಿಟ್ಟಿದ್ದ. ಐ7 ಸ್ಟಿಕ್ಕರ್ ಥಳಥಳ. ಆನ್ ಮಾಡಿ, ಬ್ರೌಸರ್ ತೆಗೆದು, ಒಂದು ವಿಡಿಯೋ ಹಾಕಿ ತೋರಿಸಿದ. ಅಷ್ಟು ಎಲ್ಲದರಲ್ಲೂ ಓಡುತ್ತೆ ಅಲ್ವಾ? ಹಣ ಕೊಟ್ಟು, ಡೆಸ್ಕ್‌ಟಾಪ್ ಕೊಟ್ಟು, ಅದರ ಹಾರ್ಡ್ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್ (ಡೇಟಾ ಇಡಲಾಗದ ಹಾಳಾದ ಜಾಗ) ಇದೆ ಅಂತಲೂ ಹೇಳಿ ಬಂದೆ. ನಾನು ಮುಚ್ಚಿಡಲಿಲ್ಲ.

ಇನ್ನು ಲ್ಯಾಬ್‌ನ ಕಥೆ. ಒಂದು ಗೇರ್‌ಬಾಕ್ಸ್ ಅಸೆಂಬ್ಲಿ ಫೈಲ್ ಕೊಟ್ಟು, ತಿರುಗಿಸಿ ನೋಡಿ, ಒಂದು ಭಾಗ ಬದಲಾಯಿಸಿ ಅಂದರು. ಎಲ್ಲರದೂ ತೆರೆದುಕೊಂಡಿತು. ನನ್ನದೂ ತೆರೆದುಕೊಂಡಿತು, ಸುಳ್ಳು ಯಾಕೆ ಹೇಳಲಿ. ತಿರುಗಿಸಲು ಹೋದರೆ ಗೇರ್ ಒಂದು ಸಲ ಇಲ್ಲಿ, ಆಮೇಲೆ ಎಷ್ಟೋ ಹೊತ್ತಿಗೆ ಅಲ್ಲಿ. ಫ್ಯಾನ್ ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಪಕ್ಕದಲ್ಲಿ ಕೂತಿದ್ದವನು ಟಾಸ್ಕ್ ಮ್ಯಾನೇಜರ್ ತೆಗಿ ಅಂದ. ಪರ್ಫಾರ್ಮೆನ್ಸ್ ಟ್ಯಾಬ್ ತೆಗೆದೆ. ಐ7-7600ಯು. ಕೋರ್: 2.

ಎರಡು! ಐ7ನಲ್ಲಿ ಎರಡು!

‘ನೀನು ಐ7 ಅಂದೆಯಲ್ಲೋ’ ಅಂತ ಅವನು ಜೋರಾಗಿಯೇ ಕೇಳಿದ, ನಾಲ್ಕು ಜನ ನಕ್ಕರು. ಕೆಳಗೆ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್‌ನ ಜಾಗದಲ್ಲಿ ಎಚ್‌ಡಿ ಗ್ರಾಫಿಕ್ಸ್ 620 ಅಂತ ಇತ್ತು. ಅಂದರೆ ಪ್ರೊಸೆಸರ್ ಒಳಗೇ ಕೂತಿರುವ ಗ್ರಾಫಿಕ್ಸ್, ಬೇರೆ ಕಾರ್ಡೇ ಇಲ್ಲ. ಹಾಗಾದರೆ ಜಾಹೀರಾತಿನ ಆ 8 ಜಿಬಿ ಎಲ್ಲಿಂದ ಬಂತು? ಅಲ್ಲೇ ಬರೆದಿತ್ತು, ಶೇರ್ಡ್ ಜಿಪಿಯು ಮೆಮೊರಿ 7.9 ಜಿಬಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. 16 ಜಿಬಿ ರ‍್ಯಾಮ್ ಇದ್ದರೆ, ಬೇಕಾದಾಗ ಅದರಲ್ಲಿ ಸುಮಾರು ಅರ್ಧದವರೆಗೆ ಗ್ರಾಫಿಕ್ಸ್‌ಗೆ ಬಳಸಿಕೊಳ್ಳಬಹುದು ಅಂತ ವಿಂಡೋಸ್ ತೋರಿಸುತ್ತೆ. ಅದು ನಾನು ದುಡ್ಡು ಕೊಟ್ಟ ಅದೇ ರ‍್ಯಾಮ್. ಒಂದೇ ರ‍್ಯಾಮನ್ನು ಜಾಹೀರಾತಿನಲ್ಲಿ ಎರಡು ಸಲ ಮಾರಿದ್ದಾನೆ. ಇದು ಗೊತ್ತಾದಾಗ ಆದಷ್ಟು ಸಿಟ್ಟು ಎರಡು ಕೋರ್ ನೋಡಿದಾಗಲೂ ಆಗಲಿಲ್ಲ.

ಐ7 ಅನ್ನುವುದು ಒಂದು ದರ್ಜೆಯ ಹೆಸರು ಅಷ್ಟೇ. ಯಾವ ಕಾಲದ್ದು, ಎಂಥದ್ದು ಅನ್ನುವುದು ಅದರ ಮುಂದಿನ ನಂಬರ್‌ನಲ್ಲಿದೆ. 7600ಯು ಅಂದರೆ 7ನೇ ತಲೆಮಾರು, 2017ರದ್ದು, ಕೊನೆಯ ಯು ಅಂದರೆ ಕಡಿಮೆ ಕರೆಂಟಿನ ತೆಳು ಲ್ಯಾಪ್‌ಟಾಪ್‌ಗೆ ಮಾಡಿದ್ದು. ಅದೇ 7ನೇ ತಲೆಮಾರಿನಲ್ಲಿ 7700ಎಚ್‌ಕ್ಯು ಅಂತ ಇದೆ, ಅದರಲ್ಲಿ 4 ಕೋರ್. ಅದೇ ವರ್ಷ ಸ್ವಲ್ಪ ತಡವಾಗಿ ಬಂದ 8ನೇ ತಲೆಮಾರಿನ ಐ5-8250ಯು ಕೂಡ 4 ಕೋರ್. ಅಂದರೆ ಐ5 ಇದ್ದವನು ಈ ಐ7ಗಿಂತ ಆರಾಮಾಗಿ ಕೆಲಸ ಮಾಡುತ್ತಾನೆ! ಇದು ಮಾರುವವನಿಗೆ ಗೊತ್ತಿರಲಿಲ್ಲ ಅಂತೀರಾ? ಅವನ ಕೆಲಸವೇ ಇದು.

ರೂಮಿಗೆ ಬಂದು ಒಂದೊಂದೇ ಬಿಚ್ಚುತ್ತಾ ಹೋದೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಹಾಕಿದರೆ ಈ ಪ್ರೊಸೆಸರ್‌ಗೆ ವಿಂಡೋಸ್ 11 ಬೆಂಬಲವೇ ಇಲ್ಲ ಅಂದಿತು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮೇಲೆ ಇರಬೇಕು. ಇವನು ಆ ತಪಾಸಣೆಯನ್ನೇ ದಾಟಿಸಿ ಇನ್‌ಸ್ಟಾಲ್ ಮಾಡಿದ್ದ. ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ವಿಂಡೋಸ್ 10ಗೆ ಹಿಂದೆ ಹೋಗೋಣ ಅಂದರೆ ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಥ ಹಳೆ ಆಫೀಸ್ ಲ್ಯಾಪ್‌ಟಾಪ್‌ಗಳು ಕಂಡ ಕಂಡಲ್ಲಿ ‘ಸ್ಟೂಡೆಂಟ್ ಆಫರ್’ ಆಗುತ್ತಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಮಜಾ ಏನಂದರೆ ನನ್ನ ‘ಹಳೇ ರೈಜನ್’ ವಿಂಡೋಸ್ 11ರ ಪಟ್ಟಿಯಲ್ಲಿ ಇದೆ!

ಆಕ್ಟಿವೇಶನ್ ಪುಟ ನೋಡಿದೆ. ‘ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸರ್ವಿಸ್ ಮೂಲಕ’ ಅಂತ ಇಂಗ್ಲಿಷ್‌ನಲ್ಲಿ ಇತ್ತು. ಯಾವ ಸಂಸ್ಥೆ? ನನಗೆ ಯಾವ ಸಂಸ್ಥೆಯೂ ಇಲ್ಲ. ಕಂಪನಿಗಳು ಒಟ್ಟಿಗೆ ಬಳಸುವ ಪದ್ಧತಿ ಅದು, ಸಾಮಾನ್ಯವಾಗಿ 180 ದಿನ ಮಾತ್ರ ನಡೆಯುತ್ತೆ, ಅಷ್ಟರೊಳಗೆ ಮತ್ತೆ ಆ ಸರ್ವರ್ ಸಿಗಬೇಕು. ಇದು ಇವನ ‘ಲೈಫ್‌ಟೈಮ್’. ಬ್ಯಾಟರಿ ರಿಪೋರ್ಟ್ ತೆಗೆದರೆ ಮೂಲ ಸಾಮರ್ಥ್ಯದ ಅರ್ಧವೂ ಉಳಿದಿಲ್ಲ.

ಈಗ ಅವನ ಉತ್ತರಗಳು. ಇದಕ್ಕೇ ಈ ಬರಹ ಬರೆಯುತ್ತಿರುವುದು.

ಇದರಲ್ಲಿ ಎರಡೇ ಕೋರ್ ಇದೆ ಅಂದೆ. ‘ಐ7 ಅಂತ ಹೇಳಿದ್ವಿ. ಐ7 ತಾನೇ ಇರೋದು?’

8 ಜಿಬಿ ಗ್ರಾಫಿಕ್ಸ್ ಎಲ್ಲಿ ಅಂದೆ. ‘ಸಪೋರ್ಟ್ ಅಂತ ಬರೆದಿದೆ, ಸರಿಯಾಗಿ ಓದಿ.’

ಪಟ್ಟಿ ಕಳಿಸಿದ್ದೆ, ಎಲ್ಲಾ ಓಡುತ್ತೆ ಅಂದಿದ್ದಿರಿ ಅಂದೆ. ‘ಸಾಫ್ಟ್‌ವೇರ್ ಓಪನ್ ಆಗುತ್ತೋ ಇಲ್ವೋ? ಅದು ಹೇಳಿ ಮೊದಲು.’

ಬ್ಯಾಟರಿ ಅಂದೆ. ‘ಚಾರ್ಜರ್ ಹಾಕಿಕೊಂಡೇ ಬಳಸಿ, ಬಾಳಿಕೆ ಜಾಸ್ತಿ ಬರುತ್ತೆ.’

ಗಮನಿಸಿದಿರಾ, ‘ಬ್ರೋ’ ಮಾಯ. ದುಡ್ಡು ಕೈಗೆ ಹೋಗುವವರೆಗೆ ಬ್ರೋ, ಆಮೇಲೆ ‘ಓದಿ’, ‘ಹೇಳಿ’, ‘ಬಳಸಿ’. ಆ ಲೈಫ್‌ಟೈಮ್ ಮತ್ತು ಬೆಣ್ಣೆ ಬಿಟ್ಟರೆ ಅವನ ಜಾಹೀರಾತಿನಲ್ಲಿ ಒಂದೂ ಪೂರ್ತಿ ಸುಳ್ಳಿಲ್ಲ. ಐ7 ಹೌದು, 16 ಜಿಬಿ ಹೌದು, ಸಪೋರ್ಟ್ ಹೌದು. ಯಾರ ಹತ್ತಿರ ದೂರು ಹೇಳಿದರೂ ಸ್ಕ್ರೀನ್‌ಶಾಟ್ ತೋರಿಸಿ ಇದೇ ಮಾತು ಹೇಳುತ್ತಾನೆ. ಅದನ್ನೆಲ್ಲ ಯೋಚಿಸಿಯೇ ಬರೆದಿದ್ದಾನೆ ಆ ಸಾಲನ್ನು.

ಹಣ ಬೇಡ, ನನ್ನ ಡೆಸ್ಕ್‌ಟಾಪ್ ವಾಪಸ್ ಕೊಡಿ, ನಿಮ್ಮ ಲ್ಯಾಪ್‌ಟಾಪ್ ನೀವೇ ಇಟ್ಕೊಳ್ಳಿ ಅಂತ ಕೊನೆಗೆ ಕೇಳಿದೆ. ‘ಅದು ಆಗಲೇ ಸ್ಕ್ರ್ಯಾಪ್‌ಗೆ ಹೋಯ್ತು.’

ಸ್ಕ್ರ್ಯಾಪ್‌ಗೆ ಹೋದ ನನ್ನ ಡೆಸ್ಕ್‌ಟಾಪ್ ಸ್ವಲ್ಪ ದಿನದಲ್ಲೇ ಅವನ ಹೊಸ ಜಾಹೀರಾತಿನಲ್ಲಿ ಕಾಣಿಸಿತು. ಪಕ್ಕದ ಗಾಜಿನ ಮೇಲಿನ ಗೀರು, ಒಳಗೆ ನಾನೇ ಕಟ್ಟಿದ್ದ ಹಳದಿ ಕೇಬಲ್ ಟೈ, ಎಲ್ಲಾ ಹಾಗೇ ಇದೆ. ಶೀರ್ಷಿಕೆ ಏನು ಗೊತ್ತಾ? ‘ಎಂಜಿನಿಯರಿಂಗ್ ಪಿಸಿ, ಸಾಲಿಡ್‌ವರ್ಕ್ಸ್ ರೆಡಿ.’ ಅದರ ಸ್ಕ್ರೀನ್‌ಶಾಟ್ ಅವನಿಗೇ ಕಳಿಸಿದೆ. ನೀಲಿ ಟಿಕ್ ಬಂತು. ಆಮೇಲೆ ಬ್ಲಾಕ್.

ನನ್ನ ಹಾಸ್ಟೆಲ್‌ನಲ್ಲಿ ಒಬ್ಬ ಸೀನಿಯರ್ ಮೇಜಿನ ಕೆಳಗೆ ಡೆಸ್ಕ್‌ಟಾಪ್ ಇಟ್ಟುಕೊಂಡು, ಕ್ಲಾಸ್‌ಗೆ ಒಂದು ಸಾದಾ ಲ್ಯಾಪ್‌ಟಾಪ್ ಒಯ್ಯುತ್ತಾರೆ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅಲ್ಲಿಂದಲೇ ಸಾಲಿಡ್‌ವರ್ಕ್ಸ್ ತೆಗೆಯುತ್ತಾರೆ. ‘ಹಾಸ್ಟೆಲ್ ನೆಟ್‌ವರ್ಕ್‌ನಲ್ಲಿ ಆಗಲ್ಲ’ ಅಂದಿದ್ದನಲ್ಲ, ಅದೇ ನೆಟ್‌ವರ್ಕ್! ಅವರನ್ನು ನೋಡಿದಾಗಲೆಲ್ಲ ಮೈ ಉರಿಯುತ್ತೆ. ನಾನು ಈಗ ಲ್ಯಾಬ್ ಮುಚ್ಚುವವರೆಗೆ ಅಲ್ಲೇ ಕೂತು ಅಸೈನ್‌ಮೆಂಟ್ ಮುಗಿಸುತ್ತೇನೆ, ಸೀಟು ಖಾಲಿ ಇದ್ದರೆ.

ಕೊಳ್ಳುವವರು ಇಷ್ಟು ಮಾಡಿ. ಪ್ರೊಸೆಸರ್‌ನ ಪೂರ್ತಿ ನಂಬರ್ ಬರವಣಿಗೆಯಲ್ಲಿ ಕೇಳಿ, ‘ಐ7 ಬ್ರೋ’ ಅಂತ ಮತ್ತೆ ಅಂದರೆ ಅಲ್ಲಿಗೇ ಬಿಡಿ. ಯಂತ್ರ ಕೈಗೆ ಬಂದ ತಕ್ಷಣ, ವಿಡಿಯೋ ಗಿಡಿಯೋ ನೋಡುತ್ತಾ ಕೂರದೆ, ಟಾಸ್ಕ್ ಮ್ಯಾನೇಜರ್ ತೆಗೆದು ಕೋರ್ ಎಷ್ಟು, ಡೆಡಿಕೇಟೆಡ್ ಜಿಪಿಯು ಮೆಮೊರಿ ಅಂತ ಬೇರೆ ಸಾಲು ಇದೆಯಾ ನೋಡಿ. ಶೇರ್ಡ್ ಅಂತ ಇರುವುದನ್ನು ಲೆಕ್ಕಕ್ಕೇ ತಗೋಬೇಡಿ. ಆಕ್ಟಿವೇಶನ್ ಪುಟ, ಬ್ಯಾಟರಿ ರಿಪೋರ್ಟ್ ದುಡ್ಡು ಕೊಡುವ ಮುಂಚೆ. ಅವನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಮನೆಯಲ್ಲಿ ಒಳ್ಳೆ ಡೆಸ್ಕ್‌ಟಾಪ್ ಇದ್ದರೆ ವಿಭಾಗದ ಸೀನಿಯರ್‌ಗಳನ್ನು ಕೇಳುವವರೆಗೆ ಎಕ್ಸ್‌ಚೇಂಜ್ ಅನ್ನುವವರಿಗೆ ಅದರ ಫೋಟೋ ಕೂಡ ಕಳಿಸಬೇಡಿ.

ಆ ‘ಸಾಲಿಡ್‌ವರ್ಕ್ಸ್ ರೆಡಿ’ ಪಿಸಿ ನೋಡಿ ಆಸೆಪಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಯಂತ್ರ ಒಳ್ಳೆಯದೇ, ನಾನು ಬಳಸಿದ್ದೇನೆ. ಆದರೆ ಹಾರ್ಡ್ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್ ಇವೆ. ಅವನಿಗೆ ನಾನೇ ಹೇಳಿದ್ದೆ. ಜಾಹೀರಾತಿನಲ್ಲಿ ‘ಹಾರ್ಡ್ ಡಿಸ್ಕ್ 100% ಹೆಲ್ತ್’ ಅಂತ ಬರೆದಿದ್ದಾನೆ.