ನೀರು ಅರ್ಧವಾದಾಗ: ಅರ್ಕಾ ಕೋಮಲ್, ಬಳ್ಳಿ ಬೀನ್ಸ್, ಹೆಬ್ಬಾಳ ಅವರೆ-4

ಬೇಸಿಗೆಯ ಕೆಂಪು ಮಣ್ಣಿನಲ್ಲಿ ಈ ಮೂರನ್ನೂ ಅಕ್ಕಪಕ್ಕ ಬಿತ್ತಿ ನೀರು ಅರ್ಧ ಮಾಡಿದರೆ ಮೊದಲ 25 ದಿನ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ. ಗಿಡ ಸ್ವಲ್ಪ ಗಿಡ್ಡ, ಎಲೆ ಕಡುಹಸಿರು, ಅಷ್ಟೇ. ಪರೀಕ್ಷೆ ಶುರುವಾಗುವುದು ಮೊಗ್ಗು ಬಂದ ಮೇಲೆ.

ಲೆಕ್ಕ ಹೀಗೆ: ಡ್ರಿಪ್ ಪೈಪು 4 ಅಡಿಗೊಂದು, ಡ್ರಿಪ್ಪರ್ ಅಡಿಗೊಂದು, ಗಂಟೆಗೆ 2 ಲೀಟರ್. ದಿನಕ್ಕೆ 4 ಮಿ.ಮೀ. ಕೊಡಲು ಮುಕ್ಕಾಲು ಗಂಟೆ ಬೇಕು, ಎಕರೆಗೆ ಸುಮಾರು 16,000 ಲೀಟರ್. ಅರ್ಧ ಎಂದರೆ 22 ನಿಮಿಷ.

ಅರ್ಕಾ ಕೋಮಲ್ ಗಿಡ ಬೀನ್ಸ್. ಹೂವೆಲ್ಲ ಹತ್ತು-ಹನ್ನೆರಡು ದಿನದಲ್ಲಿ ಮುಗಿದುಹೋಗುತ್ತದೆ, ಬೇರು ಹೆಚ್ಚಾಗಿ ಮೇಲಿನ ಒಂದು ಅಡಿಯಲ್ಲೇ. ಆ ಹೊತ್ತಿಗೆ ಹದ ತಪ್ಪಿದರೆ ಹೂ ಉದುರುತ್ತದೆ, ಕಚ್ಚಿದ ಕಾಯಿಯೂ ಕೊಕ್ಕೆಯಂತೆ ಬಾಗಿ ನಾರಾಗುತ್ತದೆ. ಆಮೇಲೆ ಎಷ್ಟು ನೀರು ಬಿಟ್ಟರೂ ಎರಡನೇ ಹೂ ಅಷ್ಟಕ್ಕಷ್ಟೇ. ಬೀನ್ಸ್‌ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೊಡುವ ಅಂಕಿಯೂ ಇದನ್ನೇ ಹೇಳುತ್ತದೆ: ಎಲೆ ಬೆಳೆಯುವಾಗ ಶೇ. 10 ನೀರು ಕಡಿಮೆಯಾದರೆ ಇಳುವರಿ ಶೇ. 2ರಷ್ಟು ಇಳಿಯುತ್ತದೆ, ಹೂವಿನಲ್ಲಿ ಶೇ. 11, ಕಾಯಿ ತುಂಬುವಾಗ ಶೇ. 7.5. ಹಾಗಾಗಿ ದಿನವೂ ಸಮನಾಗಿ ಅರ್ಧ ಕೊಡುವುದು ದಡ್ಡತನ. ಮೊಗ್ಗಿನವರೆಗೆ ಬಿಗಿ ಹಿಡಿದು, ಉಳಿದ ನೀರನ್ನು ಹೂವಿಗೆ ಪೂರ್ತಿ ಕೊಡಿ. 70 ದಿನದೊಳಗೆ ಹೊಲ ಖಾಲಿಯಾಗುವುದು ಇದರ ದೊಡ್ಡ ಅನುಕೂಲ.

ಬಳ್ಳಿ ಬೀನ್ಸ್ ಕಂತುಕಂತಾಗಿ ಹೂ ಬಿಡುವುದರಿಂದ ಒಂದು ವಾರ ತಪ್ಪಿದರೂ ಮತ್ತೆ ಚೇತರಿಸಿಕೊಳ್ಳುತ್ತದೆ. ಆದರೆ ಎಲೆ ಹೆಚ್ಚು, ಬೆಳೆ ಅವಧಿಯೂ ಹೆಚ್ಚು. ಕೋಲು-ದಾರದ ಖರ್ಚು ಬೇರೆ. ನೀರಿಲ್ಲದವರಿಗೆ ಇದು ಬೇಡ.

ಅವರೆ-4ಕ್ಕೆ ಹಗಲು ಚಿಕ್ಕದಾಗಲಿ ಅಂತ ಕಾಯುವ ಹಂಗಿಲ್ಲ, ಬೇಸಿಗೆಯಲ್ಲೂ ಹೂ ಬಿಡುತ್ತದೆ. ಬೇರು ಆಳಕ್ಕಿಳಿಯುತ್ತದೆ, ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ನೆಟ್ಟಗಾಗುತ್ತದೆ. ಸೋಲುವುದು ಕಾಳು ಕಟ್ಟುವಾಗ: ಆಗ ನೀರಿಲ್ಲದಿದ್ದರೆ ಕಾಯಿ ಉದ್ದವಿದ್ದೂ ಒಳಗೆ ಒಂದೆರಡೇ ಕಾಳು. 65-70 ದಿನಕ್ಕೆ ಹಸಿ ಕಾಯಿ ಬರುತ್ತದೆ. ಚಳಿಗಾಲದ ಮಾಗಡಿ ಅವರೆಯ ಸೊಗಡು ಮಾತ್ರ ಇದರಲ್ಲಿ ಹುಡುಕಬೇಡಿ.

ಅರ್ಧ ನೀರಿಗೆ ಅವರೆ-4ನ್ನೇ ಹೆಚ್ಚು ಜಾಗಕ್ಕೆ ಹಾಕಿ. ಕೋಮಲ್ ಬೇಕೆಂದರೆ ಹೂವಿನ ಹೊತ್ತಿಗೆ ಪೂರ್ತಿ ನೀರು ಕೊಡಬಲ್ಲಷ್ಟೇ ಗುಂಟೆಗೆ ಹಾಕಿ, ಅದೂ ಬಿಸಿಲೇರುವ ಮುನ್ನ ಹೂ ಬರುವಂತೆ ಬಿತ್ತಿ. 32 ಡಿಗ್ರಿ ದಾಟಿದರೆ ನೀರಿದ್ದರೂ ಹೂ ನಿಲ್ಲುವುದು ಕಷ್ಟ. ಒಣಗಿದ ಸಾಲಿನಲ್ಲಿ ಎಲೆಯಡಿ ಕೆಂಪು ನುಸಿ ಮೊದಲು ಹತ್ತುವುದೂ ಕೋಮಲ್‌ಗೇ. ಎಲೆ ಮೇಲೆ ಬಿಳಿ ಚುಕ್ಕಿ ಕಂಡ ದಿನವೇ ತಿರುಗಿಸಿ ನೋಡಿ.